ಹೊಲ ಅಂತ ಬರೀಬ್ಯಾಡ

ಗಣಿ ಯಂತ್ರಗಳ ರಾಡುಗಳಿಗೆ ಕ್ರೋಮಿಯಂ ಲೇಪ ಹಾಕುವ ಶೆಡ್ಡೊಂದು ಆಗ ಕುರೆಕುಪ್ಪದ ದಾರಿಯಲ್ಲಿತ್ತು. ಅದರ ಹಳದಿ ನೀರು ಹಿಂದಿನ ಜಾಗಕ್ಕೆ ಇಳಿಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಮಣ್ಣು ತೆಗೆದು, ಫಾರಂ ತುಂಬಿ, ಹೊಸಪೇಟೆಯ ಲ್ಯಾಬಿಗೆ ಒಪ್ಪಿಸುವುದು ನನ್ನ ಕೆಲಸ.

ಆ ಜಾಗದಲ್ಲಿ ಜಂಬಕ್ಕ ಸಬ್ಬಸಿಗೆ ಬೆಳೆದಿದ್ದಳು. ಜಾಗ ಶೆಡ್ಡಿನ ಸಾವ್ಕಾರನದು, ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಜಂಬಕ್ಕನ ಮಗಳು ಹೆತ್ತು ಹದಿನೈದು ದಿನವಾಗಿತ್ತು. ಬಾಣಂತಿಗೆ ದಿನಾ ಇದೇ ಸೊಪ್ಪು, ಎದೆಹಾಲಿಗೆ ಒಳ್ಳೆಯದು ಎಂದು ಜಂಬಕ್ಕ ಹೆಮ್ಮೆಯಿಂದ ಹೇಳಿದಳು. ನಾನು ಫಾರಂ ತೆಗೆದ ಕೂಡಲೇ ದನಿ ತಗ್ಗಿಸಿದಳು.

“ಹೊಲ ಅಂತ ಬರೀಬ್ಯಾಡ ತಮ್ಮಾ. ಸಾವ್ಕಾರಗ ತ್ರಾಸಾದ್ರ ನಾಳೆನ ಬೇಲಿ ಹಾಕ್ತಾನ.”

ಬಡವಿಯ ಹೊಟ್ಟೆಯ ಮೇಲೆ ಹೊಡೆಯುವುದೇಕೆ ಎಂದು ‘ಭೂಬಳಕೆ’ ಎಂಬಲ್ಲಿ ಕೈಗಾರಿಕೆ ಎಂದು ಬರೆದೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೇ ಬೈಕು ಹತ್ತಿದೆ.

ಮೂರು ವಾರಕ್ಕೆ ಫಲಿತಾಂಶ ಬಂತು: ಕಿಲೋ ಮಣ್ಣಿಗೆ ಎಪ್ಪತ್ತೊಂಬತ್ತು ಮಿಲಿಗ್ರಾಂ ಕ್ರೋಮಿಯಂ. ನಮ್ಮ ಲ್ಯಾಬಿನವರು ನೋಡುತ್ತಿದ್ದುದು ಹೊರದೇಶದ ಒಂದು ಪಟ್ಟಿ. ಅದರಲ್ಲಿ ಕೈಗಾರಿಕೆಯ ಜಾಗಕ್ಕೆ ಮಿತಿ ಎಂಬತ್ತೇಳು, ಹೊಲಕ್ಕೆ ಅರವತ್ನಾಲ್ಕೇ. ದಾಟಿದರೆ ವಿಷ ಎಂದೇನಲ್ಲ. ಇನ್ನೂ ಅಗೆದು ನೋಡಿ ಎಂದರ್ಥ. ನಾನು ಬರೆದ ಒಂದು ಮಾತಿನಿಂದ ಯಾರೂ ಅಗೆಯಬೇಕಾಗಿರಲಿಲ್ಲ. ಲ್ಯಾಬಿನ ಮುಖ್ಯಸ್ಥೆ ಶಾಂಭವಿ ಮೇಡಂ ‘ಮಿತಿಯೊಳಗಿದೆ’ ಎಂದು ಸಹಿ ಮಾಡಿ ಫೈಲು ಮುಚ್ಚಿದರು.

ಮರುದಿನ ಜಂಬಕ್ಕನ ಮುಂದೆ ನಿಂತು ಎಲ್ಲ ಹೇಳಿದೆ. ಸೊಪ್ಪು ಕೀಳುತ್ತಿದ್ದ ಕೈ ನಿಂತಿತು.

“ನಾ ಹೆದರಿ ಅಂದೆ. ನೀ ಗೊತ್ತಿದ್ದಾಂವ, ನೀ ಯಾಕ ಬರದಿ?”

ನಿನ್ನ ಮೇಲಿನ ಮರುಕಕ್ಕೆ ಎಂದೆ.

“ಮರುಕ ನನ್ನ ಮ್ಯಾಲೆ. ತಿಂದಾಕಿ ನನ್ನ ಮಗಳು.”

ಜಾಗ ಹೋದರೂ ಹೋಗಲಿ, ಹೊಲ ಅಂತಲೇ ಬರೆ ಎಂದಳು. ಮೇಡಂ ಎದುರು ತಪ್ಪೊಪ್ಪಿಕೊಂಡೆ. ಹತ್ತು ವರ್ಷದ ನೌಕರಿಯಲ್ಲಿ ಕೇಳದಷ್ಟು ಬೈಸಿಕೊಂಡೆ, ಫೈಲು ಮತ್ತೆ ತೆರೆಯಿತು. ವಾರದೊಳಗೆ ಸಾವ್ಕಾರ ಮುಳ್ಳುತಂತಿ ಎಳೆಸಿದ.

ಎರಡನೇ ಸಲ ಐದು ಕಡೆ ಅಗೆದೆವು. ಶೆಡ್ಡಿನ ಗೋಡೆಯ ಬುಡದಲ್ಲಿ ಅಂಕಿ ಇನ್ನೂ ಏರಿತ್ತು. ಅದನ್ನು ಕೇಳಿ ಜಂಬಕ್ಕ ಬಸ್ಸು ಹತ್ತಿ ಲ್ಯಾಬಿಗೇ ಬಂದಳು. ಮಣ್ಣಿನ ಅಂಕಿ ಅವಳಿಗೆ ಬೇಕಿರಲಿಲ್ಲ. ನಾನು ಸುಮ್ಮನಿದ್ದ ಆ ಮೂರು ವಾರ ಮಗಳು ತಿಂದ ಸೊಪ್ಪಿನಲ್ಲಿ ಎಷ್ಟಿತ್ತು, ಅಷ್ಟು ಹೇಳು ಎಂದಳು.

ಸೊಪ್ಪನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ. ಫಾರಂ ಪ್ರಕಾರ ಅಲ್ಲಿ ಸೊಪ್ಪೇ ಇರಲಿಲ್ಲ.

ಗೊತ್ತಿಲ್ಲಕ್ಕ ಎಂದೆ. ಬೇರೆ ಯಾರನ್ನಾದರೂ ಕೇಳಬಹುದೇ ಎಂದು ಅವಳು ಒಳಗಿನ ಬಾಗಿಲುಗಳನ್ನು ನೋಡುತ್ತ ನಿಂತಳು.