ಫ್ಯಾನಿಲ್ಲದ ಡಬ್ಬಿಯ ಸದ್ದು

ಕಟ್ಟುಕತೆ ಅನ್ನಿಸಿದರೂ ಇದು ಬಸವೇಶ್ವರನಗರದ ಒಂದು ಮನೆಯಲ್ಲಿ ನಡೆದದ್ದೇ. ಕಿವಿಗೆ ಮಷೀನು ಹಾಕಿಸಿಕೊಂಡ ಮೇಲೆ ಶಂಭುಲಿಂಗಪ್ಪನವರು ಮನೆಯವರ ಜೊತೆ ಕೂತು ಸಿನಿಮಾ ನೋಡುವುದನ್ನೇ ಬಿಟ್ಟಿದ್ದರು. ಟಿವಿಗೆ ಜೋಡಿಸಿದ್ದ ಹಳೆಯ ಕಂಪ್ಯೂಟರಿನ ಫ್ಯಾನು ಅವರ ಕಿವಿಯೊಳಗೆ ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿತ್ತು.

ಸದ್ದಿಲ್ಲದ ಕಂಪ್ಯೂಟರನ್ನು ತಾನೇ ಜೋಡಿಸಲು ಹೊರಟ ಮಗ ಗಿರಿರಾಜನ ಕಣ್ಣು ಮಾತ್ರ ಭಾರೀ ಪ್ರೊಸೆಸರ್ ಮೇಲೇ ಇತ್ತು. ಹೆಂಡತಿ ನಿಖಿತಾ ಬಿಡಲಿಲ್ಲ.

"ಸಿನಿಮಾ ನೋಡೋಕೆ ಅಷ್ಟು ದೊಡ್ಡದು ಯಾಕ್ರೀ? ಅದು ಬಿಸಿಯಾಗುತ್ತೆ, ಬಿಸಿಯಾದ್ರೆ ಫ್ಯಾನ್ ಬೇಕು, ಫ್ಯಾನ್ ತಿರುಗಿದ್ರೆ ಮಾವ ಮತ್ತೆ ಎದ್ದು ಹೋಗ್ತಾರೆ. ಕಮ್ಮಿ ಕರೆಂಟ್ ಕುಡಿಯೋ ಅಗ್ಗದ್ದೇ ಸಾಕು."

ಗಿರಿರಾಜ ಅದನ್ನೇ ತಂದು, ಫ್ಯಾನಿನ ಜಾಗದಲ್ಲಿ ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿಗಳನ್ನು ಕೂರಿಸಿದ.

ಭಾನುವಾರ ಅಪ್ಪಾಜಿ ಬಂದು ಸೋಫಾದಲ್ಲಿ ಕೂತರು. ಸಿನಿಮಾದ ನಾಯಕಿ ಏನೋ ಪಿಸುಗುಟ್ಟಿ ಮುಗಿಸಿದ ಬೆನ್ನಿಗೇ "ಗುರ್ರ್ರ್..." ಎಂಬ ಸದ್ದೆದ್ದಿತು. ಅದೇ ಹಳೆಯ ಮೊರೆತ, ನಡುನಡುವೆ ಅದೇ ಕಟಕಟ. ಗಿರಿರಾಜ ಸ್ಕ್ರೂಡ್ರೈವರ್ ಹಿಡಿದು ಟಿವಿಯ ಹಿಂದೆ ನುಗ್ಗಿದ.

"ಫ್ಯಾನ್ ಕೆಟ್ಟಿರ್ಬೇಕು ಕಣೇ!"

"ಅದ್ರಲ್ಲಿ ಫ್ಯಾನ್ ಎಲ್ಲಿದೇರೀ?" ಎಂದಳು ನಿಖಿತಾ.

ತಿರುಗಿ ನೋಡಿದರೆ ಅಪ್ಪಾಜಿಯ ತುಟಿ ಇನ್ನೂ "ಗುರ್ರ್" ಎಂದು ಅದುರುತ್ತಿತ್ತು.

"ಇಷ್ಟು ದಿನ ನಾನೊಬ್ನೇ ಕೇಳಿದ್ನಪ್ಪ, ನೀನೂ ಒಂಚೂರು ಕೇಳು ಅಂತ," ಎಂದರು ಅವರು. "ಈಗ ಆ ಹುಡುಗಿ ಪಿಸುಮಾತೂ ಕೇಳಿಸ್ತು ಕಣೋ. ನಿಮ್ಮಿಬ್ರಿಗೂ ಪುಣ್ಯ ಬರ್ಲಿ."

ಸ್ಕ್ರೂಡ್ರೈವರ್ ಹಿಡಿದುಕೊಂಡೇ ನೆಲಕ್ಕೆ ಕುಸಿದ ಗಿರಿರಾಜ ಎಲ್ಲರಿಗಿಂತ ಜೋರಾಗಿ ನಕ್ಕ.