ಹತ್ತನೆಯ ಮನೆ

ಚಹಾ ಸಿಹಿಯಾಗಿತ್ತು. ಅಂಬೊಕಿಲೆ ಒಂದು ಗುಟುಕು ಕುಡಿದು ಲೋಟವನ್ನು ಜಗಲಿಯ ಮೇಲಿಟ್ಟ. ಸರ್ಕಾರಿ ಅಂಗಡಿಗೆ ಸಕ್ಕರೆ ಬಾರದೆ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಅವನ ಚಹಾ ಸಿಹಿಯಾಗಿಯೇ ಇತ್ತು, ಅಂಗಿ ಬೆಳ್ಳಗೇ ಇತ್ತು. ಹೇಗೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಕೇಳದೆ ಕುಡಿಯುವುದರಲ್ಲಿ ಗಂಡಸರು ನಿಪುಣರು.

ಈ ಬೆಳಿಗ್ಗೆ ಕೇಳಲೇಬೇಕಾಯಿತು. ಸರಕು ಬಚ್ಚಿಟ್ಟವರು, ಗಡಿಯಾಚೆಯಿಂದ ಕದ್ದು ತಂದವರು ಎಲ್ಲರೂ ದೇಶದ ಶತ್ರುಗಳು, ಅವರನ್ನು ಮನೆ ಮನೆ ಹೊಕ್ಕು ಹಿಡಿಯುತ್ತೇವೆ ಎಂದು ರೇಡಿಯೊ ಮೂರು ಸಲ ಹೇಳಿತ್ತು.

"ಎಲ್ಲಿಂದ ಬಂತೇ ಈ ಸಕ್ಕರೆ?"

ಹೆಂಡತಿ ತುಸೆಕಿಲೆ ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಇವತ್ತು ನೆನಪಾಯ್ತಾ ಕೇಳೋಕೆ? ನಿಮ್ಮ ಸೊಸೆ ಕೊಟ್ಟಿದ್ದು. ಸಾಬೂನೂ ಅವಳದ್ದೇ, ಉಪ್ಪೂ ಅವಳದ್ದೇ. ಗಡಿ ಹೊಳೆ ದಾಟಿ ಅಕ್ಕಿ ಕೊಟ್ಟು ತರ್ತಾಳೆ. ಒಂಬತ್ತು ಮನೆಗೂ ಹಂಚ್ತಾಳೆ, ಎಲ್ಲರ ಚೀಲಾನೂ ಅವಳ ಮನೇಲೇ ಇರುತ್ತೆ."

"ಅವಳ ಮನೇಲೇ ಯಾಕೆ?"

"ನೀವು ಕಾಲಿಡದ ಮನೆ ಅದೊಂದೇ ಅಲ್ವಾ?"

ದೇಶ ಆಳುವ ಪಕ್ಷದವರು ಹತ್ತು ಮನೆಗೆ ಒಬ್ಬನಂತೆ ನೇಮಿಸಿದ ಯಜಮಾನರಲ್ಲಿ ಅಂಬೊಕಿಲೆಯೂ ಒಬ್ಬ. ತಿಂಗಳಿಗೊಮ್ಮೆ ಪ್ರತಿ ಮನೆಯ ಅಟ್ಟ, ಮೂಲೆ ನೋಡಿ ವರದಿ ಕೊಡುವುದು ಅವನ ಕೆಲಸ. ಹತ್ತನೆಯದು ಮಗನ ಮನೆ. ಮಗ ದೂರದಲ್ಲಿ ರೈಲ್ವೆ ಕೆಲಸದಲ್ಲಿದ್ದ. ಇಲ್ಲಿ ಸೊಸೆ ಸುಬಿಲಾಗ, ಎಂಟು ತಿಂಗಳ ಕೂಸಿನೊಡನೆ ಇದ್ದಳು. ಆ ಸೀಮೆಯಲ್ಲಿ ಮಾವ ಸೊಸೆಯ ಮುಖ ನೋಡುವಂತಿಲ್ಲ, ಅವಳ ಹೊಸಿಲು ತುಳಿಯುವಂತಿಲ್ಲ. ದಾರಿಯಲ್ಲಿ ಎದುರಾದರೆ ಅವಳು ಮುಸುಕೆಳೆದು ಬಗ್ಗುತ್ತಾಳೆ, ಇವನು ಬಾಳೆತೋಟದ ಕಡೆ ತಿರುಗುತ್ತಾನೆ. ಅವಳು ಸೊಸೆಯಾಗಿ ಬಂದು ನಾಲ್ಕು ವರ್ಷವಾಯಿತು. ಅವಳ ಹೆಜ್ಜೆ ಗೊತ್ತು, ಕೆಮ್ಮು ಗೊತ್ತು, ಮುಖ ಗೊತ್ತಿಲ್ಲ. ವರದಿಯಲ್ಲಿ ಹತ್ತನೆಯ ಮನೆಯ ಎದುರು ಅವನು ಪ್ರತಿ ತಿಂಗಳೂ ಸುಮ್ಮನೆ ಒಂದು ಗೆರೆ ಎಳೆಯುತ್ತಿದ್ದ.

"ಸರ್ಕಾರಿ ಅಂಗಡಿ ಇರೋದು ಯಾಕೆ ಹಾಗಾದ್ರೆ?" ಎಂದು ಗದರಿದ.

"ನೊಣ ಕೂರೋಕೆ. ಹೋದ ವಾರ ಹೋಗಿದ್ದೆ. ಹಿಡಿ ಇಲ್ಲದ ಗುದ್ದಲಿ, ಬರೀ ಎಡಗಾಲಿನ ಬೂಟು. ಏನು, ಬೂಟು ಬೇಯಿಸಿ ಹಾಕ್ಲಾ?"

"ನಗಬೇಡ. ಅವರವರಿಗೆ ಬೇಕಾದ್ದು ಅವರವರೇ ತಂದ್ಕೊಂಡ್ರೆ ದೋಣಿ ಇಲ್ದೋರ ಗತಿ ಏನು? ಅದಕ್ಕೇ ಸರ್ಕಾರ ಇರೋದು. ಈ ನಲ್ಲಿ ಯಾರು ಹಾಕ್ಸಿದ್ರು? ಯಾವ ವ್ಯಾಪಾರಿ ಬಂದು ನಿನ್ನ ಮಗನಿಗೆ ಅಕ್ಷರ ಕಲಿಸ್ದ?"

"ಕಲ್ಸಿದ್ದು ಸರ್ಕಾರಾನೇ, ಯಾರು ಇಲ್ಲ ಅಂದ್ರು? ಆ ಋಣ ನಾನೂ ಮರೆತಿಲ್ಲ. ಆದ್ರೆ ಕೂಸಿನ ಬಟ್ಟೆ ಒಗೆಯೋಕೆ ಸಾಬೂನು ಬೇಕು. ನಿಮ್ಮ ಭಾಷಣ ಹಾಕಿ ಉಜ್ಜಿದ್ರೆ ಕೊಳೆ ಹೋಗಲ್ಲ."

ಸಾಮೂಹಿಕ ಹೊಲಕ್ಕೆ ಊರಿನಲ್ಲಿ ಮೊದಲು ಜಮೀನು ಬಿಟ್ಟುಕೊಟ್ಟವನು ಅವನು. ಆ ದಿನ ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದರು. ಅದನ್ನೆಲ್ಲ ಹೇಳಿದರೆ ಇವಳು ಮತ್ತೆ ಬೂಟಿನ ಮಾತೆತ್ತುತ್ತಾಳೆ.

ಅಷ್ಟರಲ್ಲಿ ಪಕ್ಕದ ಮನೆಯ ಲುಸಾಜೊ ಓಡಿ ಬಂದ. "ಯಜಮಾನ್ರೇ, ಕೆಳಗಿನ ಊರಿಗೆ ಶೋಧದ ಗಾಡಿ ಬಂದಿದೆ. ಇಬ್ಬರನ್ನ ಹಿಡಿದು ಹಾಕ್ಕೊಂಡ್ರಂತೆ. ಜನ ಹೆದರ್ಕೊಂಡು ಸಾಬೂನೆಲ್ಲ ಹೊಳೆಗೆ ಎಸೀತಿದ್ದಾರೆ. ಹೊಳೆ ತುಂಬಾ ನೊರೆ. ನೋಡೋಕೇ ಭಯ ಆಗುತ್ತೆ."

"ನಿನ್ನ ಮನೇಲಿ ಏನಿದೆ?"

"ನನ್ನ ಮನೇಲಿ ಏನೂ ಇಲ್ಲ," ಎಂದು ಲುಸಾಜೊ ಹತ್ತನೆಯ ಮನೆಯತ್ತ ಕಣ್ಣು ಹಾಯಿಸಿದ. "ಯಜಮಾನ ಜೊತೆಗಿಲ್ದೆ ಯಾವ ಮನೇನೂ ಶೋಧ ಮಾಡೋ ಹಾಗಿಲ್ಲ, ಅಲ್ವಾ? ಸುತ್ತೋಲೆ ನೀವೇ ಓದಿ ಹೇಳಿದ್ರಿ."

"ಹೌದು."

"ನೀವಂತೂ ಅಲ್ಲಿಗೆ ಹೋಗಲ್ಲ."

"ಹೋಗಲ್ಲ."

"ಹಾಗಾದ್ರೆ ಭಯ ಇಲ್ಲ ಬಿಡಿ," ಎಂದ ಲುಸಾಜೊ.

ಬಿಸಿಲೇರುವ ಹೊತ್ತಿಗೆ ಗಾಡಿ ಬಂತು. ಜಿಲ್ಲೆಯ ಕಾರ್ಯದರ್ಶಿ ಹತಿಬು ಇಳಿದ. ಕರಾವಳಿ ಕಡೆಯವನು, ಮೆಲುಮಾತಿನವನು. ಹಿಂದೆ ಬಂದೂಕು ಹಿಡಿದ ಇಬ್ಬರು. ಅವನು ಅಂಬೊಕಿಲೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಯೋಗಕ್ಷೇಮ ಕೇಳಿದ. ಒಂಬತ್ತು ಮನೆಗಳ ಶೋಧ ಬೇಗನೆ ಮುಗಿಯಿತು. ಎಲ್ಲೂ ಏನೂ ಇರಲಿಲ್ಲ.

"ಚಿಟಿಕೆ ಉಪ್ಪೂ ಇಲ್ಲ," ಎಂದ ಹತಿಬು. "ನಿಮ್ಮೂರಲ್ಲಿ ಸಪ್ಪೆ ಊಟಾನೇ ಮಾಡ್ತಾರಾ?" ಅವನು ಅಂಬೊಕಿಲೆಯ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಮೆಲ್ಲನೆ ಹಿಡಿದು ನೋಡಿದ. "ನಿಮ್ಮ ಅಂಗಿ ಮಾತ್ರ ಬಹಳ ಬೆಳ್ಳಗಿದೆ ಹಿರಿಯರೇ. ಬನ್ನಿ, ಇನ್ನೊಂದು ಮನೆ ಉಳೀತಲ್ಲ."

"ಅದು ಸೊಸೆ ಮನೆ. ನಮ್ಮಲ್ಲಿ ಹೋಗಲ್ಲ."

"ಕೇಳಿದ್ದೀನಿ." ಹತಿಬು ಬಿದಿರಿನ ಗೋಡೆಯ ಆ ಪುಟ್ಟ ಮನೆಯನ್ನು ನೋಡಿದ. "ನಿಮ್ಮ ವಿಷಯಾನೂ ಕೇಳಿದ್ದೀನಿ. ಜಮೀನು ಕೊಟ್ಟೋರು ನೀವು. ಒಂದು ಕೆಲಸ ಮಾಡೋಣ. ನಾವ್ಯಾರೂ ಒಳಗೆ ಬರಲ್ಲ. ನೀವೊಬ್ರೇ ಹೋಗಿ ನೋಡ್ಕೊಂಡು ಬನ್ನಿ. ಏನೂ ಇಲ್ಲ ಅಂದ್ರೆ ಇಲ್ಲ ಅಂತ ಬರ್ಕೊಂಡು ಹೊರಟುಹೋಗ್ತೀನಿ. ನಿಮ್ಮ ಮಾತು ಸಾಕು ನನಗೆ."

ಅವನು ದಾರಿ ತೋರಿಸುತ್ತಿದ್ದಾನೋ ಬಲೆ ಬೀಸುತ್ತಿದ್ದಾನೋ ಅಂಬೊಕಿಲೆಗೆ ತಿಳಿಯಲಿಲ್ಲ. ಆಗ ಗೋಡೆಯಾಚೆಯಿಂದ ಸುಬಿಲಾಗಳ ದನಿ ಕೇಳಿಸಿತು. ಮಾವನೊಡನೆ ಮಾತಾಡುವಂತಿಲ್ಲವಾದ್ದರಿಂದ ಅವಳು ಕೂಸಿನೊಡನೆ ಮಾತಾಡಿದಳು.

"ಕೂಸೇ, ಅಜ್ಜನಿಗೆ ಹೇಳು. ಅಮ್ಮ ಹಿತ್ತಲಿಗೆ ಹೋಗ್ತಿದ್ದಾಳೆ, ಮನೇಲಿ ಯಾರೂ ಇಲ್ಲ. ಒಂದು ಸಲ ಹೊಕ್ಕು ಬಂದ್ಬಿಡ್ಲಿ. ಒಂದೇ ಒಂದು ಸಲ. ಅಮ್ಮ ಏನೂ ಅಂದ್ಕೊಳ್ಳಲ್ಲ ಅಂತ ಹೇಳು ಕಂದಾ."

ಹಿತ್ತಲ ಕಡೆ ಅವಳ ಹೆಜ್ಜೆ ಸರಿಯಿತು. ನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಅವನು ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಇಷ್ಟು ಚಿಕ್ಕವಳೇ ಇವಳು ಎಂದುಕೊಂಡ.

ಹೊಸಿಲು ಎಂಟು ಹೆಜ್ಜೆ ದೂರದಲ್ಲಿತ್ತು. ಅದರಾಚೆ ಮಗನ ಹಾಸಿಗೆ, ಅವಳು ಉಡುವ ಬಟ್ಟೆ, ಅವಳ ಒಲೆ. ತುಳಿದರೆ ಮಗನ ಎದುರು ಮತ್ತೆ ಹೇಗೆ ತಲೆ ಎತ್ತುವುದು? ತುಳಿದು ಬಂದ ಮೇಲೆ ಇದೇ ಬಾಯಲ್ಲಿ ಏನೂ ಇಲ್ಲ ಎನ್ನಬೇಕು. ಪಕ್ಷಕ್ಕೆ ಅವನು ಒಂದೂ ಸುಳ್ಳು ಹೇಳಿದವನಲ್ಲ. ಹಿಡಿದು ನಿಲ್ಲಿಸಿದ್ದು ಸಂಪ್ರದಾಯವೋ ಸತ್ಯವೋ, ಅಂತೂ ಕಾಲು ಏಳಲಿಲ್ಲ.

"ನನ್ನಿಂದ ಆಗಲ್ಲ," ಎಂದ. ಬಳಿಕ ದನಿ ಗಟ್ಟಿ ಮಾಡಿಕೊಂಡ. "ಯಜಮಾನ ಇಲ್ದೆ ನೀವೂ ಹೋಗೋ ಹಾಗಿಲ್ಲ. ಅದು ಸರ್ಕಾರದ್ದೇ ಕಾನೂನು."

ಹೇಳಿದ ಗಳಿಗೆಯಲ್ಲಿ ಅವನ ಎದೆ ಹಗುರವಾಯಿತು. ಸೊಸೆಯನ್ನು ಉಳಿಸಿದೆನೆಂದೇ ಅವನು ನಂಬಿದ.

"ಕಾನೂನು ಅಂದ್ರೆ ಕಾನೂನೇ," ಎಂದು ಹತಿಬು ತಲೆದೂಗಿದ. ಅಂಬೊಕಿಲೆಯ ಎದೆಯ ಮೇಲಿದ್ದ ಪಕ್ಷದ ಬಿಲ್ಲೆಗೆ ಕೈ ಹಾಕಿ, ಅಂಗಿ ಹರಿಯದಂತೆ ಜೋಪಾನವಾಗಿ ಬಿಚ್ಚಿದ. "ದಣಿದಿದ್ದೀರಿ ಹಿರಿಯರೇ. ವಿಶ್ರಾಂತಿ ತಗೊಳ್ಳಿ." ನಿಂತ ಜನರ ಮೇಲೆ ಕಣ್ಣಾಡಿಸಿ ಲುಸಾಜೊನನ್ನು ಕರೆದ. ಬಿಲ್ಲೆಯನ್ನು ಅವನ ಅಂಗಿಗೆ ಚುಚ್ಚಿದ. "ಇನ್ಮೇಲೆ ಹತ್ತು ಮನೆ ಯಜಮಾನ ನೀನು. ಒಳಗೆ ಹೋಗಿ ನೋಡ್ಕೊಂಡು ಬಾ. ನಿನ್ನ ಹಿಂದೇನೇ ನಮ್ಮೋರೂ ಬರ್ತಾರೆ, ನೆನಪಿರಲಿ."

ಲುಸಾಜೊ ಒಳಗೆ ಹೋದ. ಅಂಗಳದಲ್ಲಿ ಒಂದು ಕೋಳಿ ಕೆದಕುತ್ತಿತ್ತು. ಹೊರಗೆ ಬಂದು ಬಾಗಿಲಲ್ಲೇ ನಿಂತ. ತನ್ನ ಕೈಯಾರೆ ಗಂಟು ಹಾಕಿದ ಚೀಲವನ್ನು ಅವನು ಅಲ್ಲಿ ನೋಡಿದ್ದ.

"ಇದೆಯಾ?"

"ಇದೆ."

"ಯಾರದ್ದು?"

ಒಂಬತ್ತು ಮನೆಯವರೂ ನೆಲ ನೋಡಿದರು. ಲುಸಾಜೊ ಬಿಲ್ಲೆಯ ಮೇಲೆ ಕೈ ಇಟ್ಟುಕೊಂಡ. "ಎಲ್ಲಾ ಅವಳದ್ದೇ."

ಬಂದೂಕಿನವರು ಹಿತ್ತಲಿಗೆ ಓಡಿದರು. ತುಸೆಕಿಲೆಯೂ ಅವರ ಹಿಂದೆ ಓಡಿ ಕೂಸನ್ನು ಕಸಿದುಕೊಂಡಳು. ಅಂಬೊಕಿಲೆಯ ಬಾಯಿಗೆ ಮಾತು ಬಂತು. ನನ್ನ ಚಹಾದ ಸಕ್ಕರೆಯೂ ಅದರಲ್ಲಿದೆ, ನನ್ನ ಅಂಗಿಯ ಸಾಬೂನೂ ಇದೆ, ನನ್ನನ್ನೂ ಹತ್ತಿಸಿಕೊಳ್ಳಿ. ಬಾಯಿ ತೆರೆದ.

"ಬರ್ತಿದ್ದಾಳೆ!" ಎಂದು ಹೆಂಡತಿ ಕೂಗಿದಳು. ನಾಲ್ಕು ವರ್ಷ ದಿನವೂ ಕೂಗಿದ ಎಚ್ಚರಿಕೆ ಅದು. ಮಾತು ಹೊರಬೀಳುವ ಮೊದಲೇ ಅವನ ಮೈ ತಾನಾಗಿ ಬಾಳೆತೋಟದ ಕಡೆ ತಿರುಗಿಬಿಟ್ಟಿತು.

ಬೆನ್ನ ಹಿಂದೆ ಆ ಪರಿಚಿತ ಹೆಜ್ಜೆ. ಅವನ ನೇರಕ್ಕೆ ಬಂದಾಗ ಅದು ನಿಂತಿತು. ಬಟ್ಟೆ ಎಳೆದುಕೊಂಡ ಸದ್ದು, ಬಳೆಯ ಸದ್ದು. ಎರಡೂ ತೋಳು ಅವರ ಹಿಡಿತದಲ್ಲಿದ್ದರೂ ಅವಳು ಹೇಗೋ ಮುಸುಕೆಳೆದು ಬಗ್ಗಿದ್ದಳು.

"ನೋಡೋ, ಈಗ ನಾಚಿಕೆ ಬಂತು ಕಳ್ಳಿಗೆ," ಎಂದು ಬಂದೂಕಿನವರಲ್ಲಿ ಒಬ್ಬ ನಕ್ಕ.

ಗಾಡಿಯ ಬಾಗಿಲು ಬಡಿಯಿತು. ಚೀಲಗಳು ಒಂದರ ಮೇಲೊಂದು ಬಿದ್ದವು. ಎಂಜಿನ್ನಿನ ಸದ್ದು ಹೊಳೆಯ ದಾರಿಯಲ್ಲಿ ಸಣ್ಣದಾಗುತ್ತ ಹೋಗಿ ನಿಂತುಹೋಯಿತು. ಜನ ಒಬ್ಬೊಬ್ಬರೇ ಮನೆಗೆ ಸರಿದರು.

ತುಸೆಕಿಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಅವನ ಹಿಂದೆ ನಿಂತಳು.

"ಹೋದಳು," ಎಂದಳು. "ಇನ್ನು ತಿರುಗಬಹುದು."

ಅಂಬೊಕಿಲೆ ಬಾಳೆಗಿಡಗಳನ್ನು ನೋಡುತ್ತ ಹಾಗೇ ನಿಂತಿದ್ದ. ಬಿಳಿ ಅಂಗಿಯ ಎದೆಯ ಮೇಲೆ, ಬಿಲ್ಲೆ ಇದ್ದಲ್ಲಿ, ಸೂಜಿಯ ಎರಡು ತೂತುಗಳಿದ್ದವು.