ಒಲೆಯ ಮೇಲಿನ ಮೂಟೆ

ಹಸಿಂತಾ ಮೂಟೆಯೊಳಗೆ ಮೊಳಕೈವರೆಗೂ ಕೈ ತೂರಿಸಿದಳು. ಮೇಲೆ ಹುಡಿಹುಡಿಯಾಗಿದ್ದ ಕೋಳಿಮೇವು ತಳದಲ್ಲಿ ಬೆಚ್ಚಗೆ ಹೆಂಟೆಗಟ್ಟಿತ್ತು. ಒಂದು ಹೆಂಟೆ ಮುರಿದಳು. ಒಳಗೆ ಹಸಿರು ಬೂಷ್ಟು. ಬೆಳಿಗ್ಗೆ ಸತ್ತ ಮೂರು ಕೋಳಿಮರಿಗಳು ಇನ್ನೂ ಬುಟ್ಟಿಯಲ್ಲಿದ್ದವು. ಉಳಿದ ಇಪ್ಪತ್ತೆರಡು ರೆಕ್ಕೆ ಇಳಿಬಿಟ್ಟು ಗೂಡಿನ ಮೂಲೆಗೆ ಒತ್ತಿಕೊಂಡಿದ್ದವು. ಕಳೆದ ವರ್ಷ ಒಂದೂ ಉಳಿದಿರಲಿಲ್ಲ.

“ಇದನ್ನ ಒಲೆ ಮೇಲಿನ ಅಟ್ಟಕ್ಕೆ ಏರಿಸಿದ್ದು ಯಾರು?”

“ನಾನೇ ಕಣೆ,” ಎಂದಳು ಅತ್ತೆ ನಿಕೊಲಾಸಾ, ಒಲೆಯ ಮುಂದಿನಿಂದ ತಿರುಗದೆ. “ನೀನು ನೆಲದ ಮೇಲಿಟ್ಟು ಇಲಿಗೆ ಬಡಿಸ್ತಿದ್ದೆ. ನಮ್ಮ ಜೋಳ ಇಲ್ಲೇ ಹೊಗೆ ಕುಡ್ಕೊಂಡು ವರ್ಷಗಟ್ಲೆ ಇರಲ್ವಾ?”

“ಜೋಳ ತೆನೇಲಿರತ್ತೆ, ಗಾಳಿ ಆಡತ್ತೆ. ಇದು ಹಿಟ್ಟು ಅತ್ತೆ. ನಿಮ್ಮ ಹಂಡೆ ಆವೀನೆಲ್ಲ ಕುಡ್ಕೊಂಡು ಕೂತಿದೆ.”

ಅಟ್ಟದ ಕೆಳಗೆ ಹಂಡೆಯಲ್ಲಿ, ರೊಟ್ಟಿಗೆಂದು ಸುಣ್ಣ ಬೆರೆಸಿದ ಮೆಕ್ಕೆಜೋಳ ಕೊತಕೊತ ಕುದಿಯುತ್ತಿತ್ತು. ಆವಿ ನೇರ ಅಟ್ಟಕ್ಕೇ ಏರುತ್ತಿತ್ತು.

“ಬಿಸಿಲಿಗೆ ಹರಡು, ಸರಿಹೋಗತ್ತೆ. ಅರ್ಧ ಮೂಟೆ ಎಸೆಯೋಕೆ ನೀನೇನು ಮೇಯರ್ ಮಗಳಾ?”

“ಒಣಗಿಸಿದ್ರೂ ವಿಷ ವಿಷಾನೇ.”

ಹಿತ್ತಲಲ್ಲಿ ಹಂದಿ ಕೆದರಲಾಗದಷ್ಟು ಆಳಕ್ಕೆ ಗುಂಡಿ ತೋಡಿ, ಮೇವನ್ನು ಸುರಿದು ಮುಚ್ಚಿದಳು. ಮರಿಗಳಿಗೆ ಹೊಸ ನೀರಿಟ್ಟು, ತಗಡಿನ ಡಬ್ಬ ಬೆನ್ನಿಗೆ ಕಟ್ಟಿಕೊಂಡು ತೊತೊನಿಕಪಾನ್ ಪೇಟೆಗೆ ಇಳಿದಳು.

ಮೇವಿನಂಗಡಿಯ ಎವರಿಸ್ತೊ ಬಾಯಿ ತೆರೆದಿದ್ದ ಚೀಲಕ್ಕೆ ಕೈ ಹಾಕಿದ.

“ಅದು ಬೇಡ. ಮೊಟ್ಟೆ ಇಡೋ ಕೋಳೀದು ಅದು, ಸುಣ್ಣ ಜಾಸ್ತಿ. ಮರಿಗಳದ್ದು ಕೊಡು. ಹೊಸ ಚೀಲ, ನನ್ನೆದುರೇ ಬಿಚ್ಚು.”

“ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಲ್ಲ ತಾಯಿ!”

ಅವಳು ಒಂದು ಹಿಡಿ ತೆಗೆದುಕೊಂಡಳು. ಮೂಸಿದಳು. ಮುಷ್ಟಿ ಬಿಗಿದು ಬಿಚ್ಚಿದಳು. ಮೇವು ಬೆರಳ ಸಂದಿಯಿಂದ ಸಡಿಲವಾಗಿ ಉದುರಿತು.

“ಹತ್ತು ದಿನಕ್ಕಾಗೋಷ್ಟು ಸಾಕು. ಮತ್ತೆ ಬರ್ತೀನಿ.”

ಹಿಂದಿರುಗಿದಾಗ ಇಪ್ಪತ್ತೆರಡೂ ಇದ್ದವು. ಮೇವು ಹಾಕಿ ಕೂತಳು. ತುಂಬಾ ಹೊತ್ತಿನ ಮೇಲೆ ಒಂದು ಮರಿ ಎದ್ದು ಬಂದು ಕುಕ್ಕಿತು. ಅದರ ಹಿಂದೆ ಇನ್ನೊಂದು.

ಈಗ ಡಬ್ಬ ಎಲ್ಲಿಡುವುದು? ಅಡುಗೆಮನೆಯಲ್ಲಿ ಆವಿ, ಮಳೆಗಾಲದ ಥಂಡಿಗೆ ಉಳಿದ ಗೋಡೆಗಳೆಲ್ಲ ಬೆವರುತ್ತಿದ್ದವು. ಮನೆಯಲ್ಲಿ ಒಣಗಿದ ಜಾಗ ಒಂದೇ, ಒಳಕೋಣೆಯಲ್ಲಿ ಅತ್ತೆ ಸಂತರ ಮೂರ್ತಿಗಳನ್ನಿಟ್ಟು ಪೂಜಿಸುವ ಪೀಠ. ಹಸಿಂತಾ ಡಬ್ಬ ತಬ್ಬಿಕೊಂಡು ಹೊಸ್ತಿಲಲ್ಲೇ ನಿಂತಳು.

“ಅತ್ತೆ, ಇದಕ್ಕೆ...”

ನಿಕೊಲಾಸಾ ಡಬ್ಬವನ್ನು ನೋಡಿದಳು, ಸೊಸೆಯ ಮಣ್ಣು ಮೆತ್ತಿದ ಕೈಗಳನ್ನು ನೋಡಿದಳು.

“ಮುಚ್ಚಳ ಬಿಗಿ ಇದೆ ತಾನೆ? ಕೊಡು ಇತ್ಲಾಗೆ. ಸಂತರು ಸ್ವಲ್ಪ ಒತ್ತಿ ಕೂರ್ತಾರೆ.”

ಅವಳು ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸಿ ಡಬ್ಬ ಇಟ್ಟಳು. ಆಮೇಲೆ ಸಂತರ ಮುಂದಿದ್ದ ಹೂವಿನ ಲೋಟ ಎತ್ತಿಕೊಂಡು ಹೋಗಿ, ನೀರನ್ನು ಅಂಗಳಕ್ಕೆ ಚೆಲ್ಲಿ, ಲೋಟವನ್ನು ಶಾಲಿನ ಅಂಚಿನಿಂದ ಒರೆಸಿ, ಹೂಗಳನ್ನು ನೀರಿಲ್ಲದೆ ಹಾಗೇ ಅದರಲ್ಲಿ, ಡಬ್ಬದ ಪಕ್ಕ ನಿಲ್ಲಿಸಿದಳು.